ಎರಡೂ ಮೈ ಒಂದೇ ಆಗಿದ್ದ ಸೋಸುಬಟ್ಟೆ

ಆ ಕರಾರಿನ ಏಳನೆಯ ಕಲಮನ್ನು ಬರೆಸಿದವನು ನಾನೇ. ಲೀಡ್ಸಿನ ದತ್ತಿ ಸಂಸ್ಥೆಯೊಂದರ ಕಚೇರಿಯಲ್ಲಿ ಎರಡು ತಾಸು ಕೂತು, ಅವರು ಕೊಟ್ಟ ಮೂರು ಕಪ್ ಚಹಾ ಕುಡಿದು ಬರೆಸಿದ್ದೆ: ‘ಸರಕು ಮೊಹರಾದ ಮಾದರಿಯಂತೆಯೇ ಇದ್ದರೆ ಖರೀದಿದಾರರ ಯಾವ ತಕರಾರೂ ನಿಲ್ಲುವುದಿಲ್ಲ.’ ಅವರ ಯೋಜನಾಧಿಕಾರಿ ಅದರ ಕೆಳಗೆ ಒಂದು ಸಾಲು ತಾನೇ ಸೇರಿಸಿದ: ‘ಮಾದರಿಗಿಂತ ಬೇರೆಯಾಗಿದ್ದರೆ ಸರಕನ್ನು ತೆಗೆದುಕೊಳ್ಳುವುದಿಲ್ಲ.’ ನಾನು ನಕ್ಕು ಸಹಿ ಹಾಕಿದೆ. ನನ್ನ ಸರಕು ನನ್ನ ಮಾದರಿಗಿಂತ ಬೇರೆ ಯಾಕಿರುತ್ತದೆ?

ಈ ಕಲಮು ಹುಟ್ಟಿದ್ದಕ್ಕೆ ಕಾರಣವಿತ್ತು. ಹಿಂದೊಮ್ಮೆ ಒಬ್ಬ ಗಿರಾಕಿ ನಾನು ಹೊಲಿಸಿಕೊಟ್ಟ ಆಸ್ಪತ್ರೆ ಹಾಸಿಗೆ ಬಟ್ಟೆಗಳನ್ನು ‘ಬಿಳುಪು ಸಾಲದು’ ಎಂದು ಹಿಂದಕ್ಕೆ ಕಳಿಸಿ, ಅರ್ಧ ಬೆಲೆಗೆ ತಾನೇ ಮತ್ತೆ ಕೊಂಡಿದ್ದ. ಆಮೇಲೆ ನಾನು ಮೊಹರಾದ ಮಾದರಿಯಿಲ್ಲದೆ ಒಂದು ಗಜವನ್ನೂ ಕತ್ತರಿಸಲಿಲ್ಲ. ವ್ಯಾಪಾರಕ್ಕೆ ಇಳಿಯುವವರಿಗೆ ಇವತ್ತಿಗೂ ಹೇಳುತ್ತೇನೆ, ಮಾದರಿಗೆ ಸಹಿ ಹಾಕಿಸಿಕೊಳ್ಳಿ. ಆದರೆ ಅದರ ಜೊತೆ ಈ ಕಥೆಯನ್ನೂ ಹೇಳುತ್ತೇನೆ.

ನಮ್ಮದು ಮ್ಯಾಂಚೆಸ್ಟರಿನ ಚೀಟಮ್ ಹಿಲ್ ಕಡೆ ಹಳೆಯ ಮಿಲ್ಲೊಂದರ ಎರಡನೆಯ ಮಹಡಿಯಲ್ಲಿ ಆರು ಮಶೀನುಗಳ ಹೊಲಿಗೆ ಖೋಲಿ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಹಾಸಿಗೆ ಬಟ್ಟೆ, ಏಪ್ರನ್ನು, ದಿಂಬಿನ ಚೀಲ ಎಲ್ಲವೂ ಹೊರದೇಶಗಳಿಂದ ಹೊಲಿಸಿಕೊಂಡೇ ಬಂದಿಳಿಯತೊಡಗಿದ್ದವು. ನನ್ನ ಗಿರಾಕಿಗಳು ಒಬ್ಬೊಬ್ಬರೇ ಕಳಚಿಕೊಳ್ಳುತ್ತಿದ್ದರು. ಮಶೀನಿನ ಮೇಲೆ ಕೂರುವ ಆರು ಹೆಂಗಸರು, ಗುಜರಾತಿನವರು, ಪಂಜಾಬಿನವರು, ನನ್ನ ಮುಖ ನೋಡುವುದನ್ನು ಬಿಟ್ಟು ಕ್ಯಾಲೆಂಡರ್ ನೋಡತೊಡಗಿದ್ದರು. ಅಂಥ ಹೊತ್ತಿಗೆ ಲೀಡ್ಸಿನಿಂದ ಈ ಆರ್ಡರು ಬಂತು: ಘಾನಾ ದೇಶದ ಉತ್ತರದ ಹಳ್ಳಿಗಳಿಗೆ ಹನ್ನೆರಡು ಸಾವಿರ ನೀರು ಸೋಸುವ ಬಟ್ಟೆ. ಇದು ಸರಿಯಾದರೆ ಮುಂದಿನ ವರ್ಷ ಮೂರು ಪಟ್ಟು.

ಯಾಕೆ ಸೋಸಬೇಕೆಂದು ಅಧಿಕಾರಿ ವಿವರಿಸಲು ಹೊರಟಾಗ ನಾನೇ ತಡೆದೆ. ನನಗೆ ಗೊತ್ತಿತ್ತು. ನಮ್ಮ ಬಾಗಲಕೋಟೆ ಸೀಮೆಯಲ್ಲಿ ಅದಕ್ಕೆ ನಾರುಹುಣ್ಣು ಎನ್ನುತ್ತಿದ್ದರು. ನಿಂತ ನೀರಿನಲ್ಲಿ ಕಣ್ಣಿಗೆ ಕಂಡೂ ಕಾಣದಂಥ ಹುಳುಗಳಿರುತ್ತವೆ; ಅವುಗಳ ಹೊಟ್ಟೆಯಲ್ಲಿ ರೋಗದ ಮರಿ. ಕುಡಿದವರಿಗೆ ಏನೂ ಆಗುವುದಿಲ್ಲ. ಒಂದು ವರ್ಷ ಕಳೆದ ಮೇಲೆ ಕಾಲಿನಲ್ಲೊಂದು ಗುಳ್ಳೆ ಎದ್ದು, ಒಡೆದು, ಅದರೊಳಗಿಂದ ಮೊಳದುದ್ದದ ಬಿಳಿ ನಾರಿನಂಥ ಹುಳ ಹೊರಗೆ ಬರುತ್ತದೆ. ಎಳೆದರೆ ತುಂಡಾಗಿ ಕಾಲು ಕೊಳೆಯುತ್ತದೆ. ಕಡ್ಡಿಗೆ ಸುತ್ತಿ ದಿನಕ್ಕೆ ಒಂದೊಂದು ಬೆರಳಿನಷ್ಟು ಹೊರಗೆ ತೆಗೆಯಬೇಕು. ನನ್ನ ಎಡಗಾಲಿನ ಹರಡಿನ ಮೇಲೆ ಆ ಗುರುತು ಇನ್ನೂ ಇದೆ. ಏಳು ವರ್ಷದವನಿದ್ದೆ, ಒಂದು ಇಡೀ ಬೇಸಿಗೆ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದೆ.

ಅದಕ್ಕೇ ಈ ಕೆಲಸವನ್ನು ಬರೀ ಆರ್ಡರು ಎಂದುಕೊಳ್ಳಲಿಲ್ಲ. ಜಾಲರಿಯನ್ನು ಹುಡುಕಿ ಮ್ಯಾಕಲ್ಸ್‌ಫೀಲ್ಡಿಗೆ ಹೋದೆ. ಔಷಧಿ ಕಾರ್ಖಾನೆಗಳಿಗೆ ಜರಡಿ ಬಟ್ಟೆ ಪೂರೈಸುವ ವ್ಯಾಪಾರಿ ಅಲ್ಲಿದ್ದ. ಬೆಲೆ ಕೇಳುವ ಮೊದಲು ಗೋದಾಮಿನ ಉರುಳೆಗಳ ಮೇಲೆ ಧೂಳು ಎಷ್ಟಿದೆ ನೋಡಬೇಕು. ಧೂಳು ದಪ್ಪಗಿದ್ದರೆ ಮಾರುವವನಿಗೆ ಆತುರ ಎಂದರ್ಥ. ಅಲ್ಲಿ ಧೂಳಿನಲ್ಲಿ ಬೆರಳಿನಿಂದ ಹೆಸರು ಬರೆಯಬಹುದಾಗಿತ್ತು. ಒಳ್ಳೆಯ ನೈಲಾನು, ಎಳೆಗಳ ನಡುವಿನ ಕಣ್ಣು ಸರಿಯಾದ ಅಳತೆಯದು. ಭೂತಗಾಜು ಇಟ್ಟು ಎಳೆ ಎಣಿಸಿ ನೋಡಿದೆ, ಹೆಬ್ಬೆರಳಿನಿಂದ ಒತ್ತಿ ಎಳೆದೆ, ಕಣ್ಣು ಸರಿಯಲಿಲ್ಲ. ನಡುವೆ ಆ ಜಾಲರಿ, ಸುತ್ತ ಎರಡು ಬೆರಳಗಲದ ಹತ್ತಿಯ ಪಟ್ಟಿ. ಗಡಿಗೆಯ ಬಾಯಿಗೆ ಹಾಸಿ ನೀರು ಸುರಿದರೆ ಹುಳ ಮೇಲೆ, ನೀರು ಕೆಳಗೆ.

ಪಟ್ಟಿ ಹೊಲಿಯುವ ರೀತಿ ನನ್ನ ಹೆಂಡತಿಯದು. ಅವಳ ತವರು ಧಾರವಾಡ. ಕಸೂತಿಯಲ್ಲಿ ಪಳಗಿದ ಕೈ. ಕಸೂತಿಯ ನಿಯಮ ಬಲ್ಲವರಿಗೆ ಗೊತ್ತು: ಗಂಟು ಹಾಕುವ ಹಾಗಿಲ್ಲ, ಹಿಂದೆ ತಿರುಗಿಸಿದರೂ ಮುಂದಿನಷ್ಟೇ ಚೆಂದ ಕಾಣಬೇಕು. ನನ್ನ ಅವ್ವ ಸೊಸೆಯನ್ನು ಒಪ್ಪಿದ್ದೇ ಅವಳ ಸೀರೆಯ ಸೆರಗನ್ನು ತಿರುಗಿಸಿ ನೋಡಿದ ಮೇಲೆ. ಹೆಂಡತಿ ಆರೂ ಮಶೀನಿನ ಹೆಂಗಸರಿಗೆ ಪಟ್ಟಿ ಮಡಿಸುವುದನ್ನು ಕಲಿಸಿದಳು. ಅಂಚು ಒಳಗೆ, ಹೊಲಿಗೆ ಎರಡೂ ಕಡೆ ಒಂದೇ. ಮಾದರಿಯನ್ನು ಲೀಡ್ಸಿನ ಅಧಿಕಾರಿಯ ಮೇಜಿನ ಮೇಲಿಟ್ಟು, “ಇದರಲ್ಲಿ ಉಲ್ಟಾ ಯಾವುದು ಹೇಳಿ?” ಎಂದೆ. ಅವನು ನಾಲ್ಕು ಸಲ ತಿರುಗಿಸಿ ನೋಡಿ ಸೋತ. ಈ ಗುಣಕ್ಕೆಂದೇ ತುಂಡಿಗೆ ಇಷ್ಟೆಂದು ಬೆಲೆ ಏರಿಸಿಕೊಂಡು ಬಂದೆ.

ಲಾರಿ ಬರುವುದು ಶುಕ್ರವಾರ. ಲಿವರ್‌ಪೂಲಿನಿಂದ ಹಡಗು, ಘಾನಾದ ತೇಮಾ ಬಂದರಿನಿಂದ ಮತ್ತೆ ಲಾರಿಯಲ್ಲಿ ಉತ್ತರಕ್ಕೆ. ಅಲ್ಲಿ ಮಳೆ ನಿಂತು ಹೊಂಡದ ನೀರು ಇಳಿಯತೊಡಗುವ ಹೊತ್ತಿಗೆ ಬಟ್ಟೆ ಮನೆಮನೆಗೆ ಸೇರಿರಬೇಕು. ಈ ಹಡಗು ತಪ್ಪಿದರೆ ಸೇರುವಷ್ಟರಲ್ಲಿ ಬೇಸಿಗೆ ಅರ್ಧ ಮುಗಿದಿರುತ್ತದೆ.

ಆ ವಾರದ ಸೋಮವಾರ ಸಂಸ್ಥೆಯ ಪರವಾಗಿ ಪೆಟ್ಟಿಗೆ ಎಣಿಸಲು ಒಬ್ಬ ನರ್ಸು ಬಂದಳು. ಉತ್ತರ ಘಾನಾದವಳು, ಇಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ. ಪಾಳಿಯ ಪಟ್ಟಿಯಲ್ಲಿ ಅವತ್ತು ಅವಳಿಗೆ ರಜೆ. ನಾವೆಲ್ಲ ಅವಳನ್ನು ಸಿಸ್ಟರ್ ಎಂದೆವು. ಅವಳು ನನ್ನನ್ನು ಬ್ರದರ್ ಎಂದಳು. ಪೆಟ್ಟಿಗೆ ಎಣಿಸಿ ಮುಗಿಸಿ, ಒಂದು ತುಂಡನ್ನು ಕೈಗೆತ್ತಿಕೊಂಡು ತಿರುಗಿಸಿದಳು. ಮತ್ತೆ ತಿರುಗಿಸಿದಳು.

“ಬ್ರದರ್, ಇದರಲ್ಲಿ ಮೇಲೆ ಬರೋ ಕಡೆ ಯಾವುದು?”

ನನಗೆ ಖುಷಿಯಾಯಿತು. “ಗೊತ್ತಾಗಲ್ಲ ಅಲ್ವಾ? ಅದೇ ನಮ್ಮ ಕೈಚಳಕ. ಎರಡೂ ಮೈ ಒಂದೇ.”

ಅವಳು ನಗಲಿಲ್ಲ. “ಚಹಾ ಮಾಡ್ತೀರಾ ಇಲ್ಲಿ?”

“ಮಾಡಿಸ್ತೀನಿ ಕೂತ್ಕೊಳ್ಳಿ.”

“ಕುಡಿಯೋಕಲ್ಲ. ಬೇಯಿಸಿದ ಚಹಾಪುಡಿ ಬೇಕು, ಎರಡು ಬೋಗುಣಿ ಬೇಕು.”

ಹೆಂಡತಿ ತಂದುಕೊಟ್ಟಳು. ಸಿಸ್ಟರ್ ಬಟ್ಟೆಯನ್ನು ಬೋಗುಣಿಯ ಮೇಲೆ ಹಾಸಿ, ಚಹಾಪುಡಿ ಕಲಸಿದ ನೀರನ್ನು ಸುರಿದಳು. ಪುಡಿ ಮೇಲೆ ನಿಂತಿತು, ಕೆಳಗೆ ತಿಳಿನೀರು ಇಳಿಯಿತು. ಬಟ್ಟೆಯನ್ನು ಒಮ್ಮೆ ಕೊಡವಿ ಮೊಳೆಗೆ ತೂಗುಹಾಕಿದಳು. “ಇದು ಇವತ್ತು.” ಮತ್ತೆ ತೆಗೆದು, ಈ ಸಲ ತಿರುವಿ ಎರಡನೆಯ ಬೋಗುಣಿಯ ಮೇಲೆ ಹಾಸಿ, ನಲ್ಲಿಯ ನೀರು ಸುರಿದಳು. “ಇದು ನಾಳೆ.” ಬೋಗುಣಿಯ ನೀರಿನಲ್ಲಿ ಚಹಾಪುಡಿ ತೇಲಾಡಿತು.

ಮಶೀನುಗಳು ಒಂದೊಂದೇ ನಿಂತವು. ಹೆಂಗಸರು ಎದ್ದು ಬಂದು ಬೋಗುಣಿ ಇಣುಕಿ ನೋಡಿದರು.

“ತೊಳೆದು ಹಾಕಬೇಕು ಸಿಸ್ಟರ್,” ಎಂದೆ.

“ಯಾವ ನೀರಲ್ಲಿ? ನಮ್ಮೂರ ಬೋರ್‌ವೆಲ್ಲಿನ ಕೈಪಂಪು ಕೆಟ್ಟು ಎರಡು ವರ್ಷ. ಒಂದು ಸಣ್ಣ ಭಾಗ ಬೇಕಂತೆ. ಅದನ್ನ ತರೋ ಆಫೀಸರಿಗೆ ಗಾಡಿ ಇಲ್ಲ, ಗಾಡಿ ಇದ್ದಾಗ ಪೆಟ್ರೋಲ್ ಇಲ್ಲ. ಇರೋದು ದನ ಇಳಿಯೋ ಹೊಂಡ. ಸೋಸಿದ ನೀರನ್ನ ಯಾರು ಬಟ್ಟೆ ತೊಳೆಯೋಕೆ ಸುರೀತಾರೆ?”

“ಒಂದು ಚೀಟಿ ಅಚ್ಚು ಹಾಕಿಸ್ತೀನಿ. ಚಿತ್ರ ಸಮೇತ.”

“ಚೀಟಿಯಲ್ಲಿ ಏನಂತ ಬರೀತೀರಿ? ಈ ಕಡೆ ಮೇಲೆ ಅಂತಾನಾ? ಯಾವ ಕಡೆ?”

ಆದರೂ ಬಿಡದೆ ಎಂದೆ, “ಸಿಸ್ಟರ್, ನಂಗೂ ಈ ರೋಗ ಗೊತ್ತು. ನಂಗೇ ಆಗಿತ್ತು.”

ಅವಳು ನನ್ನ ಬೂಟಿನಿಂದ ಟೈಯವರೆಗೆ ನೋಡಿದಳು. ನಾನು ಕಾಲುಚೀಲ ಇಳಿಸಿದೆ. ಅವಳು ಬಗ್ಗಿ, ನರ್ಸುಗಳು ಒತ್ತುವ ಹಾಗೆ ಹೆಬ್ಬೆರಳಿನಿಂದ ಆ ಕಲೆಯನ್ನು ಒತ್ತಿದಳು.

“ಎಷ್ಟು ದಿನ ಹಿಡೀತು?”

“ಎರಡು ತಿಂಗಳು.”

“ನಮ್ಮಮ್ಮಂಗೆ ಈಗ ಮೂರನೇ ಸಲ. ಗೆಣಸಿನ ಮಡಿ ಮಾಡೋ ಹೊತ್ತಲ್ಲೇ ಬರುತ್ತೆ, ಪ್ರತಿ ಸಲ. ಅವಳು ಕೂತರೆ ತಮ್ಮನ ಮಗಳು ಶಾಲೆ ಬಿಟ್ಟು ನೀರು ಹೊರ್ತಾಳೆ.” ಎದ್ದು ನಿಂತು ಹೇಳಿದಳು, “ಗೊತ್ತಿದ್ದೂ ಹೀಗೆ ಹೊಲಿಸಿದಿರಲ್ಲ ಬ್ರದರ್.”

ನನ್ನ ಮೇಜಿನಿಂದಲೇ ಲೀಡ್ಸಿಗೆ ಫೋನು ಮಾಡಿದಳು. ಅಧಿಕಾರಿಯ ದನಿ ಸಣ್ಣಗೆ ಕೇಳುತ್ತಿತ್ತು. ಅವನು ಏನನ್ನೋ ಓದುತ್ತಿದ್ದ. ಓದಿ ಮುಗಿಸಿದ ಮೇಲೆ ಅವಳು ಫೋನನ್ನು ಕೆಳಗಿಟ್ಟು, “ಏಳನೇ ಕಲಮು ಅಂತೆ. ಮಾದರಿಯಂತೇ ಇದೆಯಂತೆ. ನನ್ನ ತಕರಾರು ನಿಲ್ಲಲ್ವಂತೆ,” ಎಂದು ಕೋಟು ಹಾಕಿಕೊಂಡಳು. ಮೆಟ್ಟಿಲ ಬಳಿ ತಿರುಗಿ, “ಚೆನ್ನಾಗಿ ಬರೆದಿದಾರೆ, ಯಾರು ಬರೆದರೋ,” ಎಂದಳು. ಗೊತ್ತಿದ್ದೇ ಅಂದಳೋ ಇಲ್ಲವೋ, ನಾನು ಕೇಳಲಿಲ್ಲ.

ಅವಳು ಹೋದ ಮೇಲೆ ಹೆಂಡತಿ ಬೋಗುಣಿಯನ್ನು ಚೆಲ್ಲದೆ ಹಾಗೇ ಇಟ್ಟಿದ್ದಳು. “ಏನ್ರಿ, ನಿಮ್ಮ ಅವ್ವ ನೀರ್ ಸೋಸೋ ಅರಿವೀಗೆ ಏನ್ ಮಾಡ್ತಿದ್ರು, ನೆನಪೈತೇನು?”

“ಏನ್ ಮಾಡ್ತಿದ್ಲು?”

“ಒಂದು ಮೂಲ್ಯಾಗ ಕರೀ ದಾರದ ಗಂಟು. ಮ್ಯಾಲಿನ ಮೈಗೆ. ನಾ ಮದಿವ್ಯಾಗಿ ಬಂದ ವರ್ಷ ಚೆಂದ ಕಾಣ್ಲಿ ಅಂತ ಅದನ್ನ ಬಿಚ್ಚಿ ಒಗದಿದ್ದೆ. ಕೈಯಾಗಿನ ತಂಬಿಗಿ ಬೀಸಿ ಒಗದಿದ್ರು ನನ್ನ ಮ್ಯಾಲೆ. ‘ಸೆರಗಿಗೆ ಗಂಟ್ ಬ್ಯಾಡ, ಇದಕ್ಕ ಬೇಕು’ ಅಂದ್ರು. ಯಾಕಂತ ಹೇಳ್ಲಿಲ್ಲ.”

ನನಗೆ ಆ ಗಂಟು ಕಣ್ಣಿಗೆ ಕಟ್ಟಿತು. ಏಳು ವರ್ಷದ ಹುಡುಗ ಎರಡು ತಿಂಗಳು ಕಟ್ಟೆಯ ಮೇಲೆ ಕೂತದ್ದು ಅದನ್ನು ನೋಡುತ್ತಲೇ. ಹನ್ನೆರಡು ಸಾವಿರ ತುಂಡು ಹೊಲಿಸುವಾಗ ಅದು ನೆನಪಾಗಲಿಲ್ಲ, ನೆನಪಾದದ್ದು ಸೆರಗು.

ಮರುದಿನ ಬೆಳಿಗ್ಗೆ ಎಂ ಅರವತ್ತೆರಡು ಹೆದ್ದಾರಿಯ ಮೇಲೆ ಕಾರು ಓಡಿಸಿಕೊಂಡು ಲೀಡ್ಸಿಗೆ ಹೋದೆ. ಅಧಿಕಾರಿ ಒಳ್ಳೆಯವನು, ಅದೇ ತೊಂದರೆ. ಕೆಟ್ಟವನಾಗಿದ್ದರೆ ದಾರಿ ಇರುತ್ತಿತ್ತು.

“ಪ್ರತಿ ತುಂಡಿಗೂ ಒಂದು ಗುರುತು ಹಾಕಿಸ್ತೀನಿ. ನನ್ನ ಖರ್ಚಲ್ಲಿ. ಗುರುವಾರ ಸಂಜೆಗೆ ಮುಗೀತದೆ,” ಎಂದೆ.

“ಗುರುತು ಹಾಕಿದರೆ ಮಾದರಿಗಿಂತ ಬೇರೆಯಾಗುತ್ತೆ. ಬೇರೆಯಾದರೆ ನಾನು ತಗೊಳ್ಳೋ ಹಾಗಿಲ್ಲ, ಮೇಟ್.”

“ಮಾದರಿ ಬದಲಿಸೋಣ.”

“ಸಮಿತಿ ಕೂರಬೇಕು. ಮುಂದಿನ ತಿಂಗಳು ಕೂರುತ್ತೆ.”

“ಹಡಗು ಸೋಮವಾರ.”

“ಗೊತ್ತು.” ಅವನು ಬೀರುವಿನಿಂದ ಮೊಹರಾದ ಚೀಲ ತೆಗೆದು ನಮ್ಮಿಬ್ಬರ ನಡುವೆ ಇಟ್ಟ. ಪ್ಲಾಸ್ಟಿಕ್ಕಿನ ಒಳಗೆ ನನ್ನ ಹೆಂಡತಿ ಹೊಲಿದ ತುಂಡು, ಮೇಲೆ ನನ್ನ ಸಹಿ, ಅವನ ಸಹಿ. “ನೀವೇ ಹಟ ಹಿಡಿದು ಮಾಡಿಸಿದ್ದು. ಆವತ್ತು ನಾನು, ಇಷ್ಟು ಬಿಗಿ ಯಾಕೆ ಅಂತ ಕೇಳಿದ್ದೆ.”

ಕೇಳಿದ್ದ. ನಾನು ‘ಬಿಗಿ ಇದ್ರೆ ಇಬ್ಬರಿಗೂ ನಿದ್ದೆ’ ಎಂದಿದ್ದೆ.

ಚೌಕಾಸಿಯಲ್ಲಿ ಇನ್ನೊಬ್ಬನನ್ನು ಮೂಲೆಗೆ ಒತ್ತುವುದು ನನಗೆ ಗೊತ್ತು. ಇಲ್ಲಿ ಎದುರಿಗಿದ್ದವನು ನಾನೇ. ನಾನು ಹಾಕಿದ ಚಿಲಕ, ಕೀಲಿಯೂ ನಾನೇ ಒಳಗಿನಿಂದ ಎಸೆದದ್ದು. ಸುಮ್ಮನಿದ್ದರೆ ಸರಕು ಹೋಗುತ್ತದೆ, ಮುಂದಿನ ವರ್ಷದ ಆರ್ಡರೂ ಬರುತ್ತದೆ, ಯಾರೂ ನನ್ನನ್ನು ಕೇಳುವ ಹಾಗಿಲ್ಲ. ಹಳ್ಳಿಯಲ್ಲಿ ಯಾರಿಗಾದರೂ ಹುಳ ಬಂದರೂ ವರ್ಷದ ಆಚೆ ಬರುತ್ತದೆ. ಯಾವ ಮಡಕೆಯ ಯಾವ ನೀರಿನಿಂದ ಎಂದು ಯಾರು ಹೇಳಬೇಕು? ನನ್ನನ್ನು ಹೆಚ್ಚು ಹೆದರಿಸಿದ್ದು ಅದೇ.

ಕರಾರಿನ ಪ್ರತಿ ಕೇಳಿ ತಗೊಂಡೆ. ಎದುರಿನ ಕಾಫಿ ಅಂಗಡಿಯಲ್ಲಿ ಕೂತು ಮೊದಲಿನಿಂದ ಕೊನೆಯವರೆಗೆ ಓದಿದೆ. ನಿಮಗೊಂದು ಮಾತು: ನೀವು ಬರೆಸಿದ ಕಲಮನ್ನು ನೀವು ಚೆನ್ನಾಗಿ ಓದಿರುತ್ತೀರಿ, ಅವರು ಅಚ್ಚು ಹಾಕಿಸಿ ಇಟ್ಟ ಕಲಮುಗಳನ್ನು ಯಾರೂ ಓದುವುದಿಲ್ಲ. ಹನ್ನೊಂದನೆಯದು ಹಾಗೆ ಉಳಿದಿತ್ತು. ‘ತನ್ನ ಸರಕು ದೋಷವುಳ್ಳದ್ದೆಂದು ಪೂರೈಕೆದಾರನೇ ಬರೆದುಕೊಟ್ಟರೆ, ಸಮಿತಿಯನ್ನು ಕೇಳದೆ ಅಧಿಕಾರಿಯು ದುರಸ್ತಿಗೆ ಒಪ್ಪಿಗೆ ಕೊಡಬಹುದು.’ ಅದರ ಕೆಳಗೇ ಇನ್ನೊಂದು ಸಾಲು: ಅಂಥ ಪೂರೈಕೆದಾರನ ಹೆಸರು ದೋಷದ ದಫ್ತರಿಗೆ ಹೋಗುತ್ತದೆ, ಮೂರು ವರ್ಷ ಅವನಿಂದ ದರ ಕರೆಯುವುದಿಲ್ಲ, ಜೊತೆಗೆ ಕೆಲಸ ಮಾಡುವ ಇತರ ಸಂಸ್ಥೆಗಳಿಗೂ ಪ್ರತಿ ಹೋಗುತ್ತದೆ.

ಕಾಫಿ ಅಂಗಡಿಯಿಂದಲೇ ಹೆಂಡತಿಗೆ ಫೋನು ಮಾಡಿ ಓದಿ ಹೇಳಿದೆ.

“ಅಂದ್ರ ನಮ್ಮ ಮಾಲು ಕೆಟ್ಟದ್ದು ಅಂತ ನಾವ ಬರಕೊಡೂದು?”

“ಹೂಂ.”

“ನಾ ಹೊಲಿಸಿದ್ದು ಕೆಟ್ಟದ್ದು ಅಂತ.”

ಅವಳ ಹಿಂದೆ ಮಶೀನುಗಳ ಸದ್ದು ಕೇಳುತ್ತಿತ್ತು. ಮುಂದಿನ ವರ್ಷದ ಆರ್ಡರು ಇಲ್ಲವೆಂದರೆ ಆ ಆರರಲ್ಲಿ ಎಷ್ಟು ಉಳಿಯುತ್ತವೆಂದು ಇಬ್ಬರಿಗೂ ಗೊತ್ತಿತ್ತು.

“ಬೋಗುಣಿ ಇನ್ನೂ ಇಲ್ಲೇ ಐತ್ರಿ,” ಎಂದಳು. “ನಂಗ ಚೆಲ್ಲಾಕ ಮನಸ್ಸಾಗವಲ್ದು. ಬರಕೊಟ್ಟು ಬರ್ರಿ.”

ಅಧಿಕಾರಿಯ ಮೇಜಿನ ಮೇಲೆಯೇ ಬರೆದೆ. ‘ಈ ಸರಕಿನಲ್ಲಿ ಮೇಲ್ಮೈ ಗುರುತಿಸಲಾಗದ ದೋಷವಿದೆ.’ ಅವನು ಓದಿ, ಕನ್ನಡಕ ತೆಗೆದು, “ಇದರ ಕೆಳಗಿನ ಸಾಲು ಓದಿದ್ದೀರಿ ತಾನೇ?” ಎಂದ.

“ನಾನು ಓದದೆ ಸಹಿ ಹಾಕಲ್ಲ,” ಎಂದೆ. ಅದು ಪೂರ್ತಿ ನಿಜವಲ್ಲ, ಹಿಂದಿನ ಸಲ ಹಾಕಿದ್ದೆ.

ಬುಧವಾರ ಬೆಳಿಗ್ಗೆ ಪೆಟ್ಟಿಗೆಗಳನ್ನು ಬಿಚ್ಚಿದೆವು. ಮೊದಲು ಆಸ್ಪತ್ರೆ ಬಟ್ಟೆಗೆ ಮುದ್ರೆ ಒತ್ತುವ ಶಾಯಿ ನೋಡಿದೆವು. ತೊಳೆದರೂ ಹೋಗುವುದಿಲ್ಲ, ಸುಲಭ. ಆದರೆ ತೆಳು ಹತ್ತಿಯಲ್ಲಿ ಇಂಗಿ ಎರಡೂ ಕಡೆ ಒಂದೇ ಹಾಗೆ ಮೂಡಿತು. ಗುಜರಾತಿನ ಹಿರಿಯ ಹೆಂಗಸು, ನಾವೆಲ್ಲ ಬೆಹನ್ ಎನ್ನುವವರು, ತಾವಾಗಿ ನಡುವೆ ಒಂದು ಬಾಣ ಹೊಲಿದು ತೋರಿಸಿದರು. ಚೆಂದವಿತ್ತು. ಕಿಟಕಿಗೆ ಹಿಡಿದರೆ ಬಾಣದ ಉದ್ದಕ್ಕೂ ಸೂಜಿಯ ತೂತುಗಳು ಹೊಳೆದವು. ಜಾಲರಿಯ ಕಣ್ಣಿಗಿಂತ ಎಷ್ಟೋ ದೊಡ್ಡವು. ಹುಳಕ್ಕೆ ನಾವೇ ಬಾಗಿಲು ಕೊಯ್ದಂತೆ. ಆ ತುಂಡನ್ನು ಹರಿದೆ. ಬೆಹನ್ ಮುಖ ತಿರುಗಿಸಿಕೊಂಡರು.

ದಾರಿ ಹುಡುಕಿದವಳು ಹೆಂಡತಿ. ಮಶೀನಿನ ಮೇಲಿನ ಉರುಳೆಗೆ ಕೆಂಪು ದಾರ, ಕೆಳಗಿನ ಬಾಬಿನ್ನಿಗೆ ಬಿಳಿ ದಾರ. ಹತ್ತಿಯ ಪಟ್ಟಿಯ ಮೇಲೆ ಮಾತ್ರ, ಜಾಲರಿ ಮುಟ್ಟದೆ, ಒಂದೇ ಬದಿಗೆ. ಮೇಲಿನಿಂದ ಕೆಂಪು ಗೆರೆ, ಕೆಳಗಿನಿಂದ ಏನೂ ಇಲ್ಲ. ಬಾಬಿನ್ನಿನ ಬಿಗಿ ಹೆಚ್ಚಾದರೆ ಕೆಂಪು ಚುಕ್ಕಿ ಚುಕ್ಕಿಯಾಗಿ ಕೆಳಗೆ ಇಣುಕುತ್ತದೆ. ಆರೂ ಮಶೀನಿನ ತಿರುಪನ್ನು ಸರಿಮಾಡಲು ಮಧ್ಯಾಹ್ನವಾಯಿತು. ಕೆಂಪು ದಾರವನ್ನು ಕೆಟ್ಲಿನ ನೀರಲ್ಲಿ ಕುದಿಸಿ ನೋಡಿದೆ. ಒಂದು ಕಂಪನಿಯದು ಬಣ್ಣ ಬಿಟ್ಟಿತು, ಇನ್ನೊಂದು ನಿಂತಿತು. ಬಣ್ಣ ಬಿಟ್ಟದ್ದು ಅಗ್ಗದ್ದು. ಮೊದಲು ಅದನ್ನು ಕೊಂಡದ್ದೂ ನಾನೇ.

ಬುಧವಾರ ಸಂಜೆ ಸಿಸ್ಟರ್ ಡ್ಯೂಟಿ ಮುಗಿಸಿ ಸಮವಸ್ತ್ರದಲ್ಲೇ ಬಂದಳು. ಯಾರೂ ಕರೆದಿರಲಿಲ್ಲ, ಅಧಿಕಾರಿ ಹೇಳಿರಬೇಕು. ಒಂದು ತುಂಡು ತಗೊಂಡು, ಕಣ್ಣು ಮುಚ್ಚಿ ಬೆರಳು ಆಡಿಸಿದಳು. “ದೀಪ ಇಲ್ಲದ ಮನೆಗಳಿವೆ. ಕೈಗೂ ಗೊತ್ತಾಗಬೇಕು.”

ಹೆಂಡತಿ ನನ್ನ ಕಡೆ ನೋಡಿದಳು. ಆಮೇಲೆ ತುಂಡನ್ನು ಇಸಿದುಕೊಂಡು, ಪಟ್ಟಿಯ ಮೂಲೆಯ ಮೇಲ್ಮೈಯಲ್ಲಿ ಸೂಜಿಯಿಂದ ಒಂದು ಕೆಂಪು ದಾರದ ಗಂಟು ಹಾಕಿದಳು. ಮೂವತ್ತು ವರ್ಷ ಕಸೂತಿ ಮಾಡಿದ ಕೈ ಗಂಟು ಹಾಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಸಿಸ್ಟರ್ ಮತ್ತೆ ಕಣ್ಣು ಮುಚ್ಚಿ ಮುಟ್ಟಿದಳು. “ಹಾಂ. ಇದು.”

ಕೋಟು ಬಿಚ್ಚಿಟ್ಟು ಅವಳೂ ಕೂತಳು. ಗಾಯ ಹೊಲಿದ ಕೈ. ಗಂಟು ನಮ್ಮವರಿಗಿಂತ ಬೇಗ ಬೀಳುತ್ತಿತ್ತು. ಬೆಹನ್ ಅದನ್ನು ನೋಡಿ ಮುನಿಸು ಮರೆತು, “ಭಾಯಿ, ಇವಳನ್ನೇ ಕೆಲಸಕ್ಕೆ ಇಟ್ಕೊಳ್ಳಿ, ನಮ್ಮನ್ನ ಬಿಟ್ಟುಬಿಡಿ,” ಎಂದರು. ಎಲ್ಲರೂ ನಕ್ಕರು. ಆ ಮಾತು ನಿಜವಾಗುವುದಕ್ಕೆ ಹೆಚ್ಚು ದಿನವಿಲ್ಲ ಎಂದು ಗೊತ್ತಿದ್ದವರು ನಾನು, ನನ್ನ ಹೆಂಡತಿ ಇಬ್ಬರೇ.

“ಅಲ್ಲಿ ನನ್ನ ಆಸ್ಪತ್ರೆಯಲ್ಲಿ ಎರಡು ವಾರ್ಡಿಗೆ ಒಬ್ಬಳು ನರ್ಸು,” ಎಂದಳು ಸಿಸ್ಟರ್, ಯಾರಿಗೂ ಅಲ್ಲ ಎಂಬಂತೆ. “ನಾನು ಬಿಟ್ಟು ಬಂದ ಮೇಲೆ ಹಾಗಾಯ್ತು. ಇಲ್ಲಿ ದುಡಿದು ಕಳಿಸಿದರೆ ಮನೆ ನಡೆಯುತ್ತೆ. ಅಲ್ಲಿ ಇದ್ದರೆ ವಾರ್ಡು ನಡೀತಿತ್ತು. ಎರಡರಲ್ಲಿ ಒಂದು ಕೆಟ್ಟೇ ಇರುತ್ತೆ.”

ಹೇಳುತ್ತಲೇ ಮುಂದಿನ ತುಂಡು ಎತ್ತಿಕೊಂಡಳು.

ಗೆರೆ ಗುರುವಾರ ಮುಗಿಯಿತು. ಗಂಟು ಮುಗಿಯಲಿಲ್ಲ. ಹೆಂಗಸರ ಮನೆಯವರು, ನೆರೆಯವರು, ಗುರುದ್ವಾರದ ಅಡುಗೆಮನೆಯಿಂದ ಬಂದ ನಾಲ್ವರು ಅಜ್ಜಿಯರು ಎಲ್ಲರೂ ಕೂತರು. ಶುಕ್ರವಾರ ಅಧಿಕಾರಿ ಬಂದಾಗ ಲಾರಿ ಕೆಳಗೆ ನಿಂತಿತ್ತು, ಕೊನೆಯ ಎರಡು ಪೆಟ್ಟಿಗೆಗಳಿಗೆ ಗಂಟು ಬಿದ್ದಿರಲಿಲ್ಲ, ಬರೀ ಗೆರೆ. ಅವನು ಹತ್ತು ತುಂಡು ಆರಿಸಿ ನೋಡಿ, ‘ದುರಸ್ತಿಯಾಗಿದೆ’ ಎಂದು ಬರೆದ. ಆ ಎರಡು ಪೆಟ್ಟಿಗೆಗಳ ಮೇಲೆ ಸಿಸ್ಟರ್ ತಾನೇ ಮಾರ್ಕರಿನಿಂದ ತನ್ನ ಊರಿನ ಹೆಸರು ಬರೆದಳು. “ಅಲ್ಲಿ ನಾನು ಫೋನಲ್ಲಿ ಹೇಳ್ತೀನಿ. ಗಂಟು ಅವರೇ ಹಾಕ್ಕೊಳ್ಳಲಿ.”

ಮುಂದಿನ ವರ್ಷ ಲೀಡ್ಸಿನವರು ನಮ್ಮಿಂದ ದರ ಕೇಳಲಿಲ್ಲ. ಆರ್ಡರು ಬೇರೆಯವರಿಗೆ ಹೋಯಿತು. ಹೊಸ ಮಾದರಿಯಲ್ಲಿ ಕೆಂಪು ಗೆರೆ ಇತ್ತೆಂದು ಕೇಳಿದೆ. ನಮ್ಮ ಖೋಲಿಯಲ್ಲಿ ಎರಡು ಮಶೀನು ಉಳಿದವು, ಬೆಹನ್ ಮತ್ತು ನನ್ನ ಹೆಂಡತಿ.

ಎರಡನೆಯ ವರ್ಷ ಸಿಸ್ಟರ್ ರಜೆಗೆ ಊರಿಗೆ ಹೋಗಿ ಬಂದಳು. ಕೈಪಂಪು ಇನ್ನೂ ಕೆಟ್ಟೇ ಇದೆ, ಹೊಂಡಕ್ಕೆ ದನ ಇಳಿಯುತ್ತಲೇ ಇವೆ ಎಂದಳು. ಅವಳ ಅಮ್ಮನಿಗೆ ಈ ಸಲ ಹುಳ ಬರಲಿಲ್ಲ. ಗೆಣಸಿನ ಮಡಿಯನ್ನು ತಾನೇ ಮಾಡಿದಳಂತೆ, ಮೊಮ್ಮಗಳು ಶಾಲೆಗೆ ಹೋದಳಂತೆ. ಬೀದಿಯ ಆಚೆಯ ಎರಡು ಮನೆಗಳಲ್ಲಿ ಬಂದಿತ್ತು. ಚೀಲದಿಂದ ಒಂದು ಬಳಸಿದ ತುಂಡು ತೆಗೆದು ಹೆಂಡತಿಯ ಕೈಗೆ ಕೊಟ್ಟಳು. ಕೆಂಪು ಗೆರೆ ಮಾಸಿ ಗುಲಾಬಿಯಾಗಿತ್ತು. ಮೂಲೆಯಲ್ಲಿ ಗೋಣಿಯ ದಾರದ ಗಂಟು, ದಪ್ಪನೆಯದು, ಕೆಟ್ಟದಾಗಿ ಹಾಕಿದ್ದು. ಹೆಂಡತಿ ಅದನ್ನು ತಿರುಗಿಸಿ ಹಿಂದಿನ ಮೈ ನೋಡಿದಳು, ಅಭ್ಯಾಸ. ಆಮೇಲೆ ಮತ್ತೆ ತಿರುಗಿಸಿ, ಗಂಟು ಮೇಲೆ ಬರುವ ಹಾಗೆ ಮೇಜಿನ ಮೇಲೆ ಹಾಸಿದಳು.

ಮೊಹರಾದ ಮಾದರಿ ಲೀಡ್ಸಿನ ಬೀರುವಿನಲ್ಲೇ ಇರಬೇಕು, ನನ್ನ ಮತ್ತು ಅಧಿಕಾರಿಯ ಸಹಿಯ ಕೆಳಗೆ. ಹನ್ನೆರಡು ಸಾವಿರದ ಆ ಆರ್ಡರಿನಲ್ಲಿ ಸಮಿತಿ ಒಪ್ಪಿದ್ದು ಆ ಒಂದು ತುಂಡನ್ನು ಮಾತ್ರ. ಅದರಲ್ಲಿ ಇವತ್ತಿಗೂ ಮೇಲೆ ಯಾವುದು, ಕೆಳಗೆ ಯಾವುದು ಯಾರಿಗೂ ಗೊತ್ತಾಗುವುದಿಲ್ಲ.